ಸಂತೆಯಲ್ಲಿ ಸಿಕ್ಕ ಪಿಂಗಾಣಿ ಗಿಳಿ: ಚೀನಾದ್ದಾ, ಜರ್ಮನಿದಾ?

ಎಲ್ಬೆದಡದವಳು
ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದೇನೆ, ಬಂದು ನಾಲ್ಕು ವರ್ಷ ಆಯಿತು. ಇಲ್ಲಿ ನದಿ ದಡದಲ್ಲಿ ಶನಿವಾರ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಹೋದ ವಾರ ಅಲ್ಲಿ ಒಂದು ಪಿಂಗಾಣಿ ಗಿಳಿ ತಗೊಂಡೆ. ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಹಸಿರು ಮೈ, ಕೆಂಪು ಕೊಕ್ಕು. ಮರದ ಮೋಟಿನ ಮೇಲೆ ಕೂತು ತಲೆ ಓರೆ ಮಾಡಿ ನೋಡುತ್ತಿದೆ. ಮೋಟಿನ ಸುತ್ತ ಗುಲಾಬಿ ಬಣ್ಣದ ಪುಟ್ಟ ಹೂವು, ಎಲೆ. ಇಲ್ಲಿನ ಮ್ಯೂಸಿಯಂನಲ್ಲಿರುವ ಮೈಸೆನ್ (ಇಲ್ಲೇ ಹತ್ತಿರದ ಹಳೆ ಪಿಂಗಾಣಿ ಕಾರ್ಖಾನೆ) ಹಕ್ಕಿಗಳ ಥರಾನೇ ಇದೆ. ಆದರೆ ಮಾರಿದ ಅಜ್ಜ ಮಾತ್ರ "ಇದು ಚೀನಾದ್ದು, ಮೈಸೆನ್ ಶೈಲಿಯದು ಅಷ್ಟೇ" ಅಂದರು. ತಳಕ್ಕೆ ಹಸಿರು ಬಟ್ಟೆ ಅಂಟಿಸಿದೆ. ಅಂಚು ಸ್ವಲ್ಪ ಕಿತ್ತಿದೆ, ಒಳಗೆ ಯಾವುದೋ ನೀಲಿ ಗೆರೆ ಇಣುಕುತ್ತಿದೆ. ಕೊಟ್ಟಿದ್ದು 35 ಯೂರೋ.

ಪಿಂಗಾಣಿ ಹುಟ್ಟಿದ್ದೇ ಚೀನಾದಲ್ಲಿ ಅಲ್ವಾ? ಅವರು ಯಾಕೆ ಯುರೋಪಿನ ಗಿಳಿ ಮಾಡಲು ಹೋದರು? ನಮ್ಮ ಯಜಮಾನರು "ನಕಲಿಗೆ ಮೂರೂವರೆ ಸಾವಿರ ಸುರಿದೆಯಲ್ಲಾ" ಅಂತ ದಿನಾ ಆಡಿಕೊಳ್ಳುತ್ತಿದ್ದಾರೆ. ತಿಳಿದವರು ಹೇಳಿ.

ಸೋಮಾರಿಕಟ್ಟೆ
ನೀಲಿ ಗೆರೆ ಅಂದರೆ ಎರಡು ಕತ್ತಿ ಅಡ್ಡಡ್ಡ ಇಟ್ಟ ಗುರುತಾ? ಹಾಗಿದ್ದರೆ ಅದು ಅಸಲಿ ಮೈಸೆನ್. ಲಕ್ಷಗಟ್ಟಲೆ ಬೆಲೆ. ಬಾಯಿ ಮುಚ್ಚಿಕೊಂಡು ಲಾಕರ್‌ನಲ್ಲಿ ಇಡಿ.

ಹಳೇಸಾಮಾನು
@ಸೋಮಾರಿಕಟ್ಟೆ ಸ್ವಲ್ಪ ತಡೀರಿ ಸ್ವಾಮಿ. ಪಿಂಗಾಣಿ ಲೋಕದಲ್ಲಿ ಆ ಕತ್ತಿಗಳಷ್ಟು ಕಳುವಾದ ಗುರುತು ಇನ್ನೊಂದಿಲ್ಲ. ಮೈಸೆನ್ ಅದನ್ನು ಹಾಕಲು ಶುರು ಮಾಡಿದ್ದು 1720ರ ದಶಕದಲ್ಲಿ. ಅದೇ ಶತಮಾನದಲ್ಲಿ ಇಂಗ್ಲೆಂಡಿನ ವೂಸ್ಟರ್‌ನವರೂ ಹಾಕಿಕೊಂಡರು. ಆಮೇಲೆ ಪ್ಯಾರಿಸ್ಸಿನ ಸ್ಯಾಮ್ಸನ್ ಕಾರ್ಖಾನೆ ಬಂತು, 1845ರಲ್ಲಿ ಶುರುವಾದದ್ದು. ಅವರ ದಂಧೆಯೇ ಚೀನಾ, ಮೈಸೆನ್ ಎಲ್ಲದರ ಪಡಿಯಚ್ಚು ಮಾಡುವುದು. ಡ್ರೆಸ್ಡೆನ್ ಊರಲ್ಲೇ ಒಬ್ಬ ಹೆಣ್ಣುಮಗಳು, ಹೆಲೆನಾ ವುಲ್ಫ್‌ಸನ್ ಅಂತ, ಮೈಸೆನ್‌ನ ಇನ್ನೊಂದು ಹಳೆ ಗುರುತಾದ ರಾಜನ ಹೆಸರಿನ ಎರಡಕ್ಷರ ಹಾಕಿ ಮಾರುತ್ತಿದ್ದರು. ಮೈಸೆನ್‌ನವರು ಕೋರ್ಟಿಗೆ ಹೋಗಿ ನಿಲ್ಲಿಸಿದರು.

ಬರೀ ಗುರುತು ನೋಡಿ ಮೈಸೆನ್ ಅನ್ನುವುದು ಲೇಬಲ್ ನೋಡಿ ರೇಷ್ಮೆ ಸೀರೆ ಕೊಂಡ ಹಾಗೆ.

ಸೋಮಾರಿಕಟ್ಟೆ
ಸರಿ ಸರಿ. ಲಾಕರ್ ಬೇಡ. ಶೋಕೇಸ್ ಸಾಕು.

ಚಿಟ್ಟೆಬಳ್ಳಿ
ನಕಲಿ ಅಂತ ಬೇಜಾರು ಮಾಡಿಕೊಳ್ಳಬೇಡಿ. ನೀವಿರುವ ಊರಿನ ಕಥೆ ಕೇಳಿದರೆ ನಿಮ್ಮ ಯಜಮಾನರು ಸುಮ್ಮನಾಗುತ್ತಾರೆ. ಸ್ಯಾಕ್ಸನಿಯ ದೊರೆ ಅಗಸ್ಟಸ್‌ಗೆ ಪಿಂಗಾಣಿ ಹುಚ್ಚು. 1717ರಲ್ಲಿ ತನ್ನ 600 ಸೈನಿಕರನ್ನು ಪ್ರಷ್ಯದ ದೊರೆಗೆ ಕೊಟ್ಟು 151 ಚೀನೀ ಪಿಂಗಾಣಿ ಸಾಮಾನು ತಗೊಂಡ. ಲೆಕ್ಕ ಹಾಕಿ, ಒಂದು ಹೂದಾನಿಗೆ ನಾಲ್ಕು ಜನ ಸಿಪಾಯಿಗಳು!

ಚಿನ್ನ ಮಾಡಿಕೊಡುತ್ತೇನೆ ಅಂದಿದ್ದ ಬೋಟ್‌ಗರ್ ಎಂಬ ಹುಡುಗನನ್ನು ಆ ದೊರೆಯೇ ಕೂಡಿ ಹಾಕಿದ್ದ. ಚಿನ್ನ ಬರಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸರ ಜೊತೆ ಸೇರಿ ಅವನು ಪಿಂಗಾಣಿಯ ಗುಟ್ಟು ಕಂಡುಹಿಡಿದ. 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಯಿತು. ಮೊದಮೊದಲು ಅವರು ಮಾಡಿದ್ದೇನು ಗೊತ್ತಾ? ಚೀನಾದ ಯಿಶಿಂಗ್ ಊರಿನ ಕೆಂಪು ಟೀ ಕುಡಿಕೆಯ ನಕಲು. ಡೆಹುವಾ ಊರಿನ ಬಿಳಿ ಬೊಂಬೆಗಳ ನಕಲು. ಡೆಹುವಾ ಇರುವುದು ಫೂಜಿಯನ್ ಪ್ರಾಂತದಲ್ಲಿ. ಅಗಸ್ಟಸ್ ಹತ್ತಿರ ಅವು ರಾಶಿ ಇದ್ದವು, ಅಚ್ಚು ತೆಗೆದರು, ಅಷ್ಟೇ. ಮೊದಲು ಕದ್ದವರು ಯಾರು ಹಾಗಾದರೆ?

ಬೋಗುಣಿ
"ಕದ್ದವರು" ಅನ್ನುವ ಮಾತು ಜಾಸ್ತಿ ಆಯಿತು. ದೊರೆಗೆ ಬೇಕಿತ್ತು, ಕೆಲಸದವರು ಮಾಡಿದರು.

ಚಿಟ್ಟೆಬಳ್ಳಿ
@ಬೋಗುಣಿ ಚೀನಾದವರು ಮಾಡಿದರೆ ನಕಲು, ಯುರೋಪಿನವರು ಮಾಡಿದರೆ ಸಂಶೋಧನೆ. ಈ ತಕ್ಕಡಿ ನಂಗೆ ಒಪ್ಪಿಗೆ ಇಲ್ಲ ಅಷ್ಟೇ.

ಬೋಗುಣಿ
ಮಣ್ಣಿನ ಗುಟ್ಟು ಕಂಡುಹಿಡಿದದ್ದು ಸಂಶೋಧನೆ ಹೌದಲ್ವಾ? ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಕಾರ ನೋಡಿ ಮಾಡುವುದು ಬೇರೆ, ಮಣ್ಣು ಕಲಸುವುದು ಬೇರೆ. ಫ್ರಾನ್ಸಿನ ಪಾದ್ರಿ ದಾಂತ್ರಕೋಲ್ ಚೀನಾದ ಪಿಂಗಾಣಿ ಊರಾದ ಜಿಂಗ್‌ಡೆಜೆನ್‌ನಲ್ಲಿ ಕೂತು ಅಲ್ಲಿನ ಕೆಲಸದ ಬಗ್ಗೆ ಊರಿಗೆ ಕಾಗದ ಬರೆದದ್ದು 1712ರಲ್ಲಿ, ಇನ್ನೊಂದು 1722ರಲ್ಲಿ. ಅಷ್ಟರಲ್ಲಿ ಮೈಸೆನ್ ಒಲೆ ಉರಿಯುತ್ತಿತ್ತು. ಬೇಕಾದರೆ ಆ ಪಾದ್ರಿಯನ್ನು ಕಳ್ಳ ಅನ್ನಿ, ನಾನು ಅಡ್ಡ ಬರಲ್ಲ.

ಕುಂಬಾರಗೇರಿ
ನಮ್ಮದು ಖಾನಾಪುರದ ಕಡೆ, ಮನೆತನದ ಕಸುಬು ಕುಂಬಾರಿಕೆ. ಪಿಂಗಾಣಿ ನಾನು ಮಾಡಿಲ್ಲ, ಆದರೆ ಮಣ್ಣಿನ ಗುಣ ಎಲ್ಲ ಕಡೆ ಒಂದೇ. ಮೇಡಂಗೆ ಒಂದು ಉಪಾಯ ಹೇಳುತ್ತೇನೆ.

ಮಣ್ಣು ಒಣಗಿದರೆ ಕುಗ್ಗುತ್ತದೆ, ಬೆಂದರೆ ಇನ್ನೂ ಕುಗ್ಗುತ್ತದೆ. ನಮ್ಮ ಆವಿಗೆಯಲ್ಲಿ 800 ಡಿಗ್ರಿ ಬಂದರೆ ದೊಡ್ಡದು. ಪಿಂಗಾಣಿಗೆ 1300ರ ಮೇಲೆ ಬೇಕು, ಮೈಸೆನ್‌ನಲ್ಲಿ 1400ರ ಹತ್ತಿರ ಹೋಗುತ್ತಾರೆ. ಆ ಬಿಸಿಗೆ ಮಣ್ಣು ಹೆಚ್ಚುಕಮ್ಮಿ ಆರನೇ ಒಂದು ಭಾಗ ಕುಗ್ಗುತ್ತದೆ. ಈಗ ಯಾರೋ ಒಬ್ಬ ಅಸಲಿ ಗಿಳಿಯನ್ನೇ ಮುಂದಿಟ್ಟುಕೊಂಡು ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದ ಅನ್ನಿ. ಅಚ್ಚು ಅಸಲಿಯಷ್ಟೇ ದೊಡ್ಡದು. ಅದರಲ್ಲಿ ಹುಯ್ದ ಹಸಿ ಗಿಳಿಯೂ ಅಷ್ಟೇ ದೊಡ್ಡದು. ಬೆಂದು ಹೊರಗೆ ಬಂದಾಗ ಮಾತ್ರ ಸಣ್ಣದಾಗಿರುತ್ತದೆ. ತಾಯಿಗಿಂತ ಮರಿ ಚಿಕ್ಕದು. ಮೈಸೆನ್ ಗಿಳಿಗಳ ಎತ್ತರ ಹರಾಜಿನ ಪಟ್ಟಿಗಳಲ್ಲಿ ಇರುತ್ತದಲ್ಲ, ನಿಮ್ಮದರ ಜೊತೆ ಅಳತೆ ಹಾಕಿ ನೋಡಿ.

ಹಳೇಸಾಮಾನು
@ಕುಂಬಾರಗೇರಿ ವಾಹ್! ಮೂವತ್ತು ವರ್ಷದಿಂದ ಹಳೆ ಸಾಮಾನು ಕೊಳ್ಳುತ್ತಿದ್ದೇನೆ, ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ.

ನಂದೂ ಒಂದು ಸೇರಿಸುತ್ತೇನೆ. ತಳದ ತೂತು ನೋಡಿ. ಪೊಳ್ಳು ಬೊಂಬೆ ಬೇಯುವಾಗ ಒಳಗಿನ ಗಾಳಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಹಾಗಾಗಿ ಎಲ್ಲದಕ್ಕೂ ಒಂದು ತೂತು ಇರುತ್ತದೆ. ಟಾರ್ಚ್ ಹಾಕಿ ಒಳಗೆ ನೋಡಿ. 18ನೇ ಶತಮಾನದಲ್ಲಿ ಮಣ್ಣನ್ನು ಅಚ್ಚಿಗೆ ಕೈಯಿಂದ ಒತ್ತುತ್ತಿದ್ದರು, ಒಳಗೆ ಬೆರಳಿನ ಗುರುತು ಕಾಣುತ್ತದೆ. ಈಚಿನವು ಮಣ್ಣಿನ ನೀರನ್ನು ಅಚ್ಚಿಗೆ ಹುಯ್ದು ಮಾಡಿದ್ದು, ಒಳಗೂ ನುಣ್ಣಗೆ ಇರುತ್ತದೆ.

ಆ ಹಸಿರು ಬಟ್ಟೆ ನಿಧಾನವಾಗಿ ಬಿಡಿಸಿ. ಒದ್ದೆ ಬಟ್ಟೆ ಸಾಕು. ಬಕೆಟ್‌ನಲ್ಲಿ ಮುಳುಗಿಸಬೇಡಿ. ಯಾರಾದರೂ ಹಿಂದೆ ಅಂಟು ಹಾಕಿ ಜೋಡಿಸಿದ್ದರೆ ಕೊಕ್ಕು ಕೈಗೆ ಬರುತ್ತದೆ. ನನಗೆ ಒಮ್ಮೆ ಬಂದಿದೆ. ಹೆಂಡತಿಗೆ ಇವತ್ತಿಗೂ ಹೇಳಿಲ್ಲ.

ಕೊಕ್ಕರೆಬೆಳ್ಳೂರು_ಫ್ಯಾನ್
ನಾನು ಹಕ್ಕಿ ನೋಡುವವನು, ಪಿಂಗಾಣಿ ಗೊತ್ತಿಲ್ಲ. ಒಂದು ಫೋಟೋ ಹಾಕಿ, ಕಾಲಿನದು. ಗಿಳಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ ಇರುತ್ತವೆ. ಕಾಗೆ, ಗುಬ್ಬಿ, ಮೈನಾಗಳಿಗೆ ಮೂರು ಮುಂದೆ, ಒಂದು ಹಿಂದೆ. ಮಾಡಿದವನು ಗಿಳಿ ನೋಡಿದ್ದನೋ ಇಲ್ಲವೋ ಅಂತ ಕಾಲು ಹೇಳಿಬಿಡುತ್ತದೆ.

ಎಲ್ಬೆದಡದವಳು
ಫೋಟೋ ಹಾಕಿದೆ. ಅಯ್ಯೋ ದೇವರೇ, ಮೂರು ಮುಂದೆ ಇದೆ!

ಕೊಕ್ಕರೆಬೆಳ್ಳೂರು_ಫ್ಯಾನ್
ಗಿಳಿಯ ವೇಷದ ಕಾಗೆ. 😀

ಬೋಗುಣಿ
ಇದೇ ನಾನು ಹೇಳಿದ್ದು. ಮೈಸೆನ್‌ನಲ್ಲಿ ಕೆಂಡ್ಲರ್ ಎಂಬ ಶಿಲ್ಪಿ 1731ರಲ್ಲಿ ಕೆಲಸಕ್ಕೆ ಸೇರಿದ. ಅಗಸ್ಟಸ್ ಡ್ರೆಸ್ಡೆನ್‌ನಲ್ಲಿದ್ದ ತನ್ನ "ಜಪಾನೀ ಅರಮನೆ" ತುಂಬ ಪಿಂಗಾಣಿ ಪ್ರಾಣಿ ಪಕ್ಷಿ ಬೇಕು ಅಂದಿದ್ದ, ಅದೂ ಜೀವದ ಅಳತೆಯಲ್ಲಿ. ಕೆಂಡ್ಲರ್ ದೊರೆಯ ಪ್ರಾಣಿಸಂಗ್ರಹಕ್ಕೆ ಹೋಗಿ ಜೀವಂತ ಹಕ್ಕಿಗಳ ಮುಂದೆ ಕೂತು ಚಿತ್ರ ಬರೆದುಕೊಂಡ. ಗಿಳಿ, ಹೊನ್ನಕ್ಕಿ, ಚಂದ್ರಮುಕುಟ, ಎಲ್ಲಾ ಮಾಡಿದ. ನೋಡಿ ಮಾಡಿದ್ದಕ್ಕೂ, ಮಾಡಿದ್ದನ್ನು ನೋಡಿ ಮಾಡಿದ್ದಕ್ಕೂ ವ್ಯತ್ಯಾಸ ಇದೆ ಸ್ವಾಮಿ.

ಚಿಟ್ಟೆಬಳ್ಳಿ
ಆ ದೊಡ್ಡ ಪ್ರಾಣಿಗಳೆಲ್ಲ ಒಲೆಯಲ್ಲೇ ಬಿರುಕು ಬಿಟ್ಟವು, ಅದನ್ನೂ ಹೇಳಿ. ಈಗಲೂ ಡ್ರೆಸ್ಡೆನ್‌ನ ಸ್ವಿಂಗರ್ ಅರಮನೆಯ ಸಂಗ್ರಹದಲ್ಲಿ ಬಿರುಕು ಎದ್ದು ಕಾಣುತ್ತದೆ. ಅಷ್ಟು ದಪ್ಪ ಮಣ್ಣು ಒಂದೇ ಸಮ ಬೇಯುವುದಿಲ್ಲ. ಎಷ್ಟೋ ಪ್ರಾಣಿಗಳನ್ನು ಬಿಳಿಯಾಗೇ ಬಿಟ್ಟರು, ಬಣ್ಣಕ್ಕೆ ಅಂತ ಮತ್ತೆ ಒಲೆಗೆ ಹಾಕುವ ಧೈರ್ಯ ಇರಲಿಲ್ಲ.

ಕರಾವಳಿಕನ್ನಡಿಗ
ನಮ್ಮ ಅಜ್ಜ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಸಿಂಗಪುರದಿಂದ ತಂದ ಒಂದು ಜೋಡಿ ಗಿಳಿ ಮನೆಯಲ್ಲಿತ್ತು. ನವಿಲಿನ ಕತ್ತಿನ ನೀಲಿ ಬಣ್ಣ, ಬದನೆಕಾಯಿ ಬಣ್ಣದ ಕಲ್ಲಿನ ಮೇಲೆ ಕೂತಿದ್ದವು. ಹೂವು ಗೀವು ಏನೂ ಇರಲಿಲ್ಲ. ಅದೂ ಯುರೋಪ್ ಶೈಲಿನಾ?

ಹಳೇಸಾಮಾನು
ಇಲ್ಲ, ಅದು ಅಪ್ಪಟ ಚೀನೀ ಜಾತಿ. ಹಸಿರು, ಹಳದಿ, ಬದನೆ ಬಣ್ಣ, ನೀಲಿ ಮೆರುಗು, ಕೆಳಗೆ ತೂತು ತೂತಾದ ಕಲ್ಲು. 17ನೇ ಶತಮಾನದ ಕಾಂಗ್‌ಶಿ ದೊರೆಯ ಕಾಲದಿಂದ ಮಾಡುತ್ತಾ ಬಂದಿದ್ದಾರೆ. 19ನೇ ಶತಮಾನದ ಕೊನೆಯಲ್ಲಿ ಹಡಗುಗಟ್ಟಲೆ ಹೊರಗೆ ಹೋದವು. ಯುರೋಪಿನವರು ಅವಕ್ಕೆ ಹಿತ್ತಾಳೆ ಪೀಠ ಕಟ್ಟಿ, ತಂತಿ ತೂರಿಸಿ ಟೇಬಲ್ ದೀಪ ಮಾಡಿಕೊಂಡರು. ನಿಮ್ಮಜ್ಜನ ಜೋಡಿ ಈಗ ಎಲ್ಲಿದೆ?

ಕರಾವಳಿಕನ್ನಡಿಗ
ಒಂದನ್ನು ನಾನು ಕ್ರಿಕೆಟ್ ಆಡುತ್ತಾ ಒಡೆದೆ. ಇನ್ನೊಂದು ದೊಡ್ಡಪ್ಪನ ಮನೆಯಲ್ಲಿದೆ. ಪಾಲು ಪಟ್ಟಿಯ ಜಗಳ, ಬೇಡ ಬಿಡಿ.

ತುಳಸೀಕಟ್ಟೆ
ಒಂದು ಸಂದೇಹ. ಇದರಲ್ಲಿ ದನದ ಮೂಳೆ ಇರುತ್ತದೆ ಅಂತಾರಲ್ಲ? ನಮ್ಮತ್ತೆ ಪಿಂಗಾಣಿ ಕಪ್ಪನ್ನೇ ಅಡುಗೆಮನೆ ಒಳಗೆ ಬಿಡಲ್ಲ. ಗಿಳಿಯನ್ನು ದಸರಾ ಬೊಂಬೆ ಜಗಲಿಯಲ್ಲಿ ಇಡಬಹುದಾ?

ಕುಂಬಾರಗೇರಿ
ಅದು ಬೋನ್ ಚೈನಾ ಅಮ್ಮಾ. ಇಂಗ್ಲೆಂಡಿನಲ್ಲಿ 1790ರ ದಶಕದಲ್ಲಿ ಸ್ಪೋಡ್ ಎಂಬುವರು ಹದ ಕಂಡುಕೊಂಡದ್ದು. ಅದರಲ್ಲಿ ಸುಮಾರು ಅರ್ಧದಷ್ಟು ಮೂಳೆ ಬೂದಿಯೇ. ಚೀನಾದ್ದಾಗಲಿ ಮೈಸೆನ್‌ನದಾಗಲಿ ಹಳೆ ಪಿಂಗಾಣಿಗೆ ಮೂಳೆ ಬೇಡ. ಬಿಳಿ ಮಣ್ಣು ಮತ್ತು ಕಲ್ಲಿನ ಪುಡಿ, ಅಷ್ಟೇ. ಆ ಬಿಳಿ ಮಣ್ಣಿಗೆ ಕೆಯೋಲಿನ್ ಅನ್ನುವುದು ಜಿಂಗ್‌ಡೆಜೆನ್ ಪಕ್ಕದ ಗಾವ್‌ಲಿಂಗ್ ಊರಿನಿಂದ ಬಂದ ಹೆಸರು. ಉಪ್ಪಿನಕಾಯಿ ಜಾಡಿಯನ್ನು ಅತ್ತೆ ಬೇಡ ಅಂತಾರಾ?

ತುಳಸೀಕಟ್ಟೆ
ಜಾಡಿ ಇಲ್ಲದಿದ್ದರೆ ಅತ್ತೆಗೆ ಊಟ ಇಳಿಯಲ್ಲ! ಥ್ಯಾಂಕ್ಸ್ ಅಣ್ಣ.

ಪದಬೇಟೆ
ವಿಷಯದಿಂದ ಸ್ವಲ್ಪ ಆಚೆ: ಪಿಂಗಾಣಿ ಅನ್ನುವ ಪದ ಚೀನಾದಿಂದ ಬಂದದ್ದಲ್ಲ. ಪಾರ್ಸಿಯ ಪಿಂಗಾನ್, ಬಟ್ಟಲು ಅಂತ ಅರ್ಥ. ತಮಿಳಿನಲ್ಲಿ ಪೀಂಗಾನ್. ಸಾಮಾನು ಚೀನಾದ್ದು, ಹೆಸರು ಇರಾನಿನದು, ಉಪ್ಪಿನಕಾಯಿ ನಮ್ಮದು. ಹಂಪಿಯಲ್ಲಿ ಅಗೆದಾಗಲೂ ಚೀನೀ ಪಿಂಗಾಣಿ ಚೂರುಗಳು ಸಿಕ್ಕಿವೆ.

ಸೋಮಾರಿಕಟ್ಟೆ
ಬೆಂಗಳೂರಲ್ಲೂ ಪಿಂಗಾಣಿ ಕಾರ್ಖಾನೆ ಇತ್ತಲ್ವಾ? ಅವರು ಗಿಳಿ ಮಾಡಲಿಲ್ವಾ?

ಪದಬೇಟೆ
ಅವರು ಮಾಡಿದ್ದು ಕರೆಂಟ್ ಕಂಬದ ಇನ್ಸುಲೇಟರ್. ಅದರ ಮೇಲೆ ನಿಜವಾದ ಗಿಳಿ ಬಂದು ಕೂರುತ್ತಿತ್ತು.

ಹಳೇಸಾಮಾನು
😂 ಮೇಡಂ ಕೇಳಿದ ಮೂಲ ಪ್ರಶ್ನೆ ಹಾಗೇ ಉಳಿಯಿತು. ಚೀನಾದವರು ಯಾಕೆ ಯುರೋಪಿನ ಹಕ್ಕಿ ಮಾಡಿದರು? ಗಿರಾಕಿ ಕೇಳಿದ, ಮಾಡಿದರು. ಇದು ಈಚಿನ ಕಥೆಯಲ್ಲ. ಡಚ್ ಕಂಪನಿ 17ನೇ ಶತಮಾನದಲ್ಲೇ ಮರದಲ್ಲಿ ಕೆತ್ತಿದ ಮಾದರಿ ಕಳಿಸಿ "ಇದೇ ಥರ ಪಿಂಗಾಣಿಯಲ್ಲಿ ಬೇಕು" ಅನ್ನುತ್ತಿತ್ತು. ಆಮೇಲೆ 1760–80ರ ಸುಮಾರಿಗೆ ಹೆಬ್ಬಾತಿನ ಆಕಾರದ ಸೂಪ್ ಬೋಗುಣಿಗಳು ಬಂದವು. ಬೆನ್ನು ಮುಚ್ಚಳ, ಹೊಟ್ಟೆಯೊಳಗೆ ಸೂಪ್. ಮಾದರಿ ಯುರೋಪಿನ ಮಣ್ಣಿನ ಬೋಗುಣಿಯದು. ತಯಾರಾದದ್ದು ಚೀನಾದಲ್ಲಿ. ಇವತ್ತು ಅಂಥ ಒಂದು ಬಾತು ಹರಾಜಿಗೆ ಬಂದರೆ ಎಷ್ಟೋ ಮೈಸೆನ್ ಹಕ್ಕಿಗಳು ತಲೆ ತಗ್ಗಿಸಬೇಕು. "ಯುರೋಪ್ ಶೈಲಿಯ ಚೀನೀ ಹಕ್ಕಿ" ಅಂದರೆ ಕಡಿಮೆ ಅಂತ ಅರ್ಥ ಅಲ್ಲ. ಯಾವ ಕಾಲದ್ದು ಅನ್ನುವುದೇ ಮುಖ್ಯ.

ಆ ಗುಲಾಬಿ ಹೂವು ಇದೆಯಲ್ಲ, ಆ ಬಣ್ಣವೇ ಒಂದು ಕಥೆ. ಚಿನ್ನವನ್ನು ಕರಗಿಸಿ ಮಾಡುವ ಬಣ್ಣ ಅದು. ಚೀನಾದಲ್ಲಿ ಕಾಣಿಸಿಕೊಂಡದ್ದು 1720ರ ಸುಮಾರಿಗೆ, ಯುರೋಪಿನ ಪ್ರಭಾವದಿಂದ. ಅಲ್ಲಿನವರೇ ಅದಕ್ಕೆ ಯಾಂಗ್‌ಸಾಯ್, ಅಂದರೆ ಪರದೇಶಿ ಬಣ್ಣ, ಅಂದರು. ಈಗ ಅದಿಲ್ಲದ ಚೀನೀ ಪಿಂಗಾಣಿಯನ್ನು ಊಹಿಸಿಕೊಳ್ಳುವುದೇ ಕಷ್ಟ. ನಮ್ಮ ಸಾರಿಗೆ ಮೆಣಸಿನಕಾಯಿ ಬಂದ ಹಾಗೆ.

ಬೋಗುಣಿ
ಮೆಣಸಿನಕಾಯಿ ಹೋಲಿಕೆ ಒಪ್ಪಿದೆ. ಉಳಿದದ್ದು ಯೋಚನೆ ಮಾಡುತ್ತೇನೆ.

ಟ್ರೆಂಟನ್‌ಕನ್ನಡತಿ
ನಾನಿರುವುದು ನ್ಯೂಜೆರ್ಸಿಯ ಟ್ರೆಂಟನ್ ಹತ್ತಿರ. ನಮ್ಮೂರಿನ ಪಿಂಗಾಣಿ ಹಕ್ಕಿಯ ಕಥೆ ಕೇಳಿ. ಇಲ್ಲಿ ಬೋಮ್ ಅಂತ ಒಂದು ಕಂಪನಿ ಇತ್ತು, ಹಕ್ಕಿ ಬೊಂಬೆಗೇ ಹೆಸರುವಾಸಿ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದಾಗ ಮಾವೋಗೆ ಕೊಟ್ಟ ಉಡುಗೊರೆ ಅವರು ಮಾಡಿದ ಪಿಂಗಾಣಿ ಹಂಸಗಳು. ಪಿಂಗಾಣಿ ಹುಟ್ಟಿದ ದೇಶಕ್ಕೇ ಪಿಂಗಾಣಿ ಒಯ್ದು ಕೊಟ್ಟರು! ಚೀನಾದವರು ಪ್ರತಿಯಾಗಿ ಎರಡು ಪಾಂಡಾ ಕಳಿಸಿದರು.

ಕೊಕ್ಕರೆಬೆಳ್ಳೂರು_ಫ್ಯಾನ್
ಪಾಂಡಾಗಳ ಬೆರಳು ಸರಿ ಇತ್ತಾ?

ಎಲ್ಬೆದಡದವಳು
ಬಟ್ಟೆ ಬಿಡಿಸಿದೆ! ಎರಡು ದಿನ ಹಿಡಿಯಿತು. ನಡುವೆ ತೂತು ಇದೆ. ಒಳಗೆ ನುಣ್ಣಗೆ, ಬೆರಳಿನ ಗುರುತು ಒಂದೂ ಇಲ್ಲ. ನೀಲಿ ಗೆರೆ ಕತ್ತಿಗಳೇ, ಆದರೆ ಕತ್ತಿಗಿಂತ ಕೋಲಾಟದ ಕೋಲಿನ ಥರ ಇದೆ. ಉಗುರಿನಿಂದ ಸವರಿದರೆ ಗೆರೆ ಕೈಗೆ ತಾಗುತ್ತದೆ. ಅದರ ಪಕ್ಕದಲ್ಲಿ ಮಾಸಿದ ಕೆಂಪು ಮುದ್ರೆ, ಇಂಗ್ಲಿಷಿನಲ್ಲಿ "ಚೈನಾ" ಅಂತ.

ಎತ್ತರವನ್ನೂ ಅಳೆದೆ. ಹರಾಜಿನ ಪಟ್ಟಿಯಲ್ಲಿ ಇದೇ ಥರ ಕತ್ತು ಓರೆ ಮಾಡಿದ ಒಂದು ಗಿಳಿ ಸಿಕ್ಕಿತು. ನನ್ನದು ಅದಕ್ಕಿಂತ ಆರನೇ ಒಂದು ಭಾಗದಷ್ಟು ಕಮ್ಮಿ. @ಕುಂಬಾರಗೇರಿ ಅವರಿಗೆ ಅಡ್ಡಬಿದ್ದೆ.

ಹಳೇಸಾಮಾನು
ಹಾಗಾದರೆ ಮುಗಿಯಿತು. ಮೈಸೆನ್ ಕತ್ತಿ ಮೆರುಗಿನ, ಅಂದರೆ ಮೇಲಿನ ಗಾಜಿನಂಥ ಲೇಪದ, ಅಡಿಯಲ್ಲಿರುತ್ತದೆ, ಉಗುರಿಗೆ ಸಿಗುವುದಿಲ್ಲ. ನಿಮ್ಮದು ಮೆರುಗಿನ ಮೇಲೆ ಬರೆದದ್ದು. ಇನ್ನು "ಚೈನಾ" ಮುದ್ರೆ. ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕು ಅಂತ ಅಮೆರಿಕ 1891ರಿಂದ ಜಾರಿ ಮಾಡಿತು. ಅಂದರೆ ನಿಮ್ಮ ಗಿಳಿ ಅದಕ್ಕಿಂತ ಹಳೆಯದಿರಲಾರದು. ಒಳಗೆ ಅಷ್ಟು ನುಣುಪು ಅಂದರೆ 20ನೇ ಶತಮಾನದ ನಡುಭಾಗ ದಾಟಿದ್ದು ಅಂತ ನನ್ನ ಅಂದಾಜು. ಫೋಟೋ ನೋಡಿ ಹೇಳುತ್ತಿದ್ದೇನೆ, ಕೈಯಲ್ಲಿ ಹಿಡಿದರೆ ಮಾತು ಬದಲಾದರೂ ಆಗಬಹುದು.

ಚಿಟ್ಟೆಬಳ್ಳಿ
ಅಮೆರಿಕದ ಕಾನೂನಿಗೆ "ಚೈನಾ", ಯುರೋಪಿನ ಗಿರಾಕಿಗೆ ಕತ್ತಿ. ಎರಡೂ ಒಂದೇ ತಳದಲ್ಲಿ. ಇಷ್ಟು ಪ್ರಾಮಾಣಿಕ ಮೋಸ ನಾನು ನೋಡಿಲ್ಲ.

ಬೋಗುಣಿ
ಕತ್ತಿ ಹಾಕಿದ್ದು ಮಾತ್ರ ತಪ್ಪು. ಗಿಳಿ ಮಾಡಿ, ಮಾರಿ, ಬೇಡ ಅನ್ನುವವರು ಯಾರು. ಇನ್ನೊಬ್ಬರ ರುಜು ಯಾಕೆ ಹಾಕಬೇಕು?

ಚಿಟ್ಟೆಬಳ್ಳಿ
ಇದು ಒಪ್ಪಿದೆ. ದಿನಾಂಕ ಬರೆದಿಟ್ಟುಕೊಳ್ಳಿ, ಬೋಗುಣಿ ಹೇಳಿದ್ದನ್ನು ನಾನು ಒಪ್ಪಿದ ದಿನ.

ಕುಂಬಾರಗೇರಿ
ಆ ಹೂವುಗಳ ಫೋಟೋ ಹತ್ತಿರದಿಂದ ನೋಡಿದೆ. ಅದು ಅಚ್ಚಿನದಲ್ಲ. ಒಂದೊಂದು ಎಸಳನ್ನೂ ಬೆರಳಲ್ಲಿ ಒತ್ತಿ, ನೀರು ಮುಟ್ಟಿಸಿ ಅಂಟಿಸಿದ್ದಾರೆ. ನಾಲ್ಕನೇ ಹೂವಿನ ಎಡಗಡೆ ಎಸಳಿನ ಮೇಲೆ ಬೆರಳಿನ ಗೆರೆ ಉಳಿದಿದೆ. ಸಣ್ಣ ಬೆರಳು. ಗಿಳಿ ಯಾರದೋ ನಕಲು ಇರಬಹುದು, ಹೂವು ಆ ಕೈಯದ್ದೇ.

ಎಲ್ಬೆದಡದವಳು
ಭೂತಗನ್ನಡಿ ಹಿಡಿದು ನೋಡಿದೆ. ಇದೆ. ಯಜಮಾನರಿಗೂ ತೋರಿಸಿದೆ. ಏನೂ ಮಾತಾಡಲಿಲ್ಲ, ಗಿಳಿಯನ್ನು ಶೂ ಸ್ಟ್ಯಾಂಡ್ ಮೇಲಿಂದ ತೆಗೆದು ಪುಸ್ತಕದ ಕಪಾಟಿಗೆ ಇಟ್ಟರು.

ಇವತ್ತು ಮತ್ತೆ ಸಂತೆಗೆ ಹೋಗಿದ್ದೆ. ಆ ಅಜ್ಜನ ಹತ್ತಿರ ಇನ್ನೊಂದು ಗಿಳಿ ಇದೆ. ಇದೇ ಬಣ್ಣ, ತಲೆ ಮಾತ್ರ ಆ ಕಡೆಗೆ ಓರೆ. ಜೋಡಿ! 40 ಅನ್ನುತ್ತಿದ್ದಾರೆ. ತಗೊಳ್ಳಲಾ?

ಸೋಮಾರಿಕಟ್ಟೆ
ಎರಡನೆಯದಕ್ಕೆ ಯಾಕೆ ಐದು ಜಾಸ್ತಿ?

ಹಳೇಸಾಮಾನು
ನೀವು ವಾಪಸ್ ಬಂದಿದ್ದನ್ನು ಅಜ್ಜ ನೋಡಿದರಲ್ಲ, ಅದಕ್ಕೆ.

ಕೊಕ್ಕರೆಬೆಳ್ಳೂರು_ಫ್ಯಾನ್
ಮೊದಲು ಬೆರಳು ಎಣಿಸಿ.

ಎಲ್ಬೆದಡದವಳು
ಎಣಿಸಿದೆ. ಮುಂದೆ ಎರಡೇ ಇದೆ! ಹಿಂದೆ ಮಾತ್ರ ಒಂದೂ ಇಲ್ಲ, ಮುರಿದಿದೆ. 30ಕ್ಕೆ ಕೊಟ್ಟರು.